ನಿಂಗಯ್ಯನವರಿಗೆ ಇಪ್ಪತ್ತೊಂದು ವಿಶೇಷಣ

ಗುಂಡ್ಲುಪೇಟೆಯ ಕರೆಂಟ್ ಆಫೀಸಿನಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನೀಲಕಂಠಸ್ವಾಮಿಯೊಬ್ಬನೇ ಎಂಬ ಮಾತು ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡಿನವರೆಗೂ ಹಬ್ಬಿತ್ತು. ಹಬ್ಬಿಸಿದವರು ಯಾರು ಎಂದು ಕೇಳಬೇಡಿ. ನೀಲಕಂಠಸ್ವಾಮಿ ಎಂಬುವನು ನಾನೇ.

ಬಿ.ಕಾಂ.ನಲ್ಲಿ ಇಂಗ್ಲಿಷನ್ನು ಮೂರನೇ ಸಲಕ್ಕೆ ಮೂವತ್ತೈದು ಅಂಕ ತೆಗೆದು ದಾಟಿದವನು ಹೀಗೆ ಪಂಡಿತನಾದದ್ದಕ್ಕೆ ಒಂದು ಪುಸ್ತಕ ಕಾರಣ. ತೊಂಬತ್ತಾರರಲ್ಲಿ ಭಾಮೈದನ ಮದುವೆಯ ಜವಳಿಗೆಂದು ಮೈಸೂರಿಗೆ ಹೋದಾಗ ಫುಟ್‌ಪಾತಿನ ಹಳೇ ಪುಸ್ತಕದವನ ಹತ್ತಿರ ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು, ಮೊದಲ ಹನ್ನೆರಡು ಪುಟ ಇರಲಿಲ್ಲ. ಒಂದು ಪದ ಹುಡುಕಿದರೆ ಅದೇ ಅರ್ಥದ ಇಪ್ಪತ್ತು ಮೂವತ್ತು ಪದಗಳನ್ನು ಸಾಲಾಗಿ ಕೊಡುವ ಪುಸ್ತಕ ಅದು. ಜೀವಮಾನದಲ್ಲಿ ಮೊದಲ ಸಲ ಯಾರೋ ನನಗೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಂತಾಯಿತು. ಜವಳಿಯ ಚೀಲವನ್ನು ಅಲ್ಲೇ ಮರೆತು, ಪುಸ್ತಕವನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ನನ್ನ ಹೆಂಡತಿ ಶಶಿರೇಖಾ ಆ ಸಂಗತಿಯನ್ನು ಇನ್ನೂ ಮರೆತಿಲ್ಲ.

ಅಲ್ಲಿಂದಾಚೆಗೆ ನಾನು ಯಾವ ಮಾತನ್ನೂ ಒಂದೇ ಪದದಲ್ಲಿ ಹೇಳಿ ಬಿಟ್ಟವನಲ್ಲ. ಜ್ವರ ಬಂದರೆ ರಜೆ ಅರ್ಜಿಯಲ್ಲಿ ಫೀವರ್, ಟೆಂಪರೇಚರ್, ಹೀಟ್ ಮತ್ತು ಪೈರೆಕ್ಸಿಯಾ ಎಂದು ನಾಲ್ಕನ್ನೂ ಬರೆಯುತ್ತಿದ್ದೆ. ನಮ್ಮ ಹೆಡ್ ಕ್ಲರ್ಕು ನಾಲ್ಕು ಕಾಯಿಲೆ ಎಂದುಕೊಂಡು ನಾಲ್ಕು ದಿನ ರಜೆ ಮಂಜೂರು ಮಾಡಿಸಿದರು. ಹೀಗೆ ಕೈಗೆ ಫಲ ಸಿಕ್ಕ ಮೇಲೆ ಯಾರು ತಾನೆ ನಿಲ್ಲಿಸುತ್ತಾರೆ?

ಹೀಗಿರುವಾಗ ತೊಂಬತ್ತೆಂಟನೇ ಇಸವಿ ಜೂನಿನಲ್ಲಿ ನಮ್ಮ ಲೈನ್‌ಮ್ಯಾನ್ ನಿಂಗಯ್ಯನವರು ನಿವೃತ್ತರಾಗುವ ಕಾಲ ಬಂತು.

ನಮ್ಮಲ್ಲಿ ನಿವೃತ್ತಿ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಅದರ ಮೇಲೊಂದು ಬಿನ್ನವತ್ತಳೆ. ಹೋಗುವವರ ಗುಣಗಾನವನ್ನು ಅಚ್ಚು ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ ಕೈಗೆ ಕೊಡಬೇಕು. ಮೂವತ್ತು ವರ್ಷ ಬೈದವರೂ ಅವತ್ತೊಂದು ದಿನ ಹೊಗಳುತ್ತಾರೆ. ಓದುವುದು ದೊಡ್ಡ ಸಾಹೇಬರು, ಸಹಿಯೂ ಅವರದೇ. ಅದನ್ನು ಬರೆಯುವ ಭಾರ ಈ ಸಲ ನನ್ನ ಮೇಲೆ ಬಿತ್ತು. ಬಿತ್ತು ಎಂದರೆ, ನಾನೇ ಎಳೆದು ಹಾಕಿಕೊಂಡೆ.

"ಈ ಸಲ ಇಂಗ್ಲಿಷಲ್ಲೇ ಆಗ್ಲಿ ಸಾರ್," ಎಂದೆ ಸಾಹೇಬರಿಗೆ. "ಚಾಮರಾಜನಗರ ಜಿಲ್ಲೆ ಆಗಿ ಇನ್ನೂ ವರ್ಷ ತುಂಬಿಲ್ಲ. ಇಡೀ ಜಿಲ್ಲೆಗೇ ಮೊದಲನೇ ಇಂಗ್ಲಿಷ್ ಬಿನ್ನವತ್ತಳೆ ನಮ್ದಾಗುತ್ತೆ."

ನಮ್ಮ ಸಾಹೇಬರು ರಂಗನಾಯಕ ಅವರು ಫೈಲಿನಿಂದ ತಲೆಯೆತ್ತಲಿಲ್ಲ. "ಏನಾದ್ರೂ ಬರೀರಿ. ನಿಂಗಯ್ಯ ಈಸ್ ವೆರಿ ಎನರ್ಜೆಟಿಕ್ ಅಂತ ಒಂದ್ ಮಾತು ಸೇರ್ಸಿ. ಉದ್ದ ಮಾಡ್ಬೇಡಿ."

ಎನರ್ಜೆಟಿಕ್ ಎಂಬ ಪದ ಸಾಹೇಬರ ಬಾಯಿಂದ ಬಿದ್ದದ್ದೇ ತಡ, ಆಮೇಲಿನ ಮಾತು ನನ್ನ ಕಿವಿಗೆ ಹೋಗಲೇ ಇಲ್ಲ.

ಅವತ್ತು ಮಧ್ಯಾಹ್ನ ನಿಂಗಯ್ಯನವರೇ ನನ್ನ ಮೇಜಿನ ಹತ್ತಿರ ಬಂದು ನಿಂತರು. ಮೂವತ್ತನಾಲ್ಕು ವರ್ಷ ಕಂಬ ತಬ್ಬಿ ತಬ್ಬಿ ಅವರ ಒಳತೋಳು ಜಡ್ಡುಗಟ್ಟಿತ್ತು. ಮಾತು ಕಡಿಮೆ. ಸಂಬಳದ ದಿನ ಬಿಟ್ಟರೆ ಆಫೀಸಿನ ಒಳಗೆ ಕಾಲಿಡುವವರೇ ಅಲ್ಲ.

"ಸ್ವಾಮಿ, ನೀವೇ ಬರೀತಿರಂತ."

"ಇಂಗ್ಲಿಷಲ್ಲಿ ಬರೀತಿದೀನಿ ನಿಂಗಯ್ಯನೋರೆ. ಮೈಸೂರಲ್ಲೂ ಯಾರಿಗೂ ಬರ್ದಿರ್ಬಾರ್ದು, ಹಂಗೆ."

"ಇಂಗ್ಲಿಸ್ ಆದ್ರ ಇನ್ನೂ ವಾಸಿ, ತೂಕ ಇರ್ತದ. ಒಂದ್ ಸಂಗ್ತಿ ಬರ್ದ್‌ಬುಡಿ ಸ್ವಾಮಿ. ಬ್ಯಾರೆ ಏನೂ ಬ್ಯಾಡ."

ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಅದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಭೀಮನಬೀಡಿನಲ್ಲಿ ನಿಂಗಯ್ಯನವರ ಮನೆಯಿರುವ ಬೀದಿಯಲ್ಲೇ ಅವರ ಅಕ್ಕ ಮೂಗಮ್ಮನ ಮನೆ. ಆಕೆಗೆ ಒಬ್ಬನೇ ಮಗ, ಚಿಕ್ಕಮಾದು. ಸೋದರಳಿಯನನ್ನು ಕರೆತಂದು ಲೈನ್ ಕೆಲಸಕ್ಕೆ ಸೇರಿಸಿದವರು ನಿಂಗಯ್ಯನವರೇ. ಎಂಬತ್ತನೇ ಇಸವಿಯ ಒಂದು ಸಂಜೆ ಹರವೆಯ ಹತ್ತಿರ ಗಾಳಿಗೆ ತಂತಿ ಕಡಿದು ಬಿತ್ತು. ನಿಂಗಯ್ಯನವರು ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಲೈನು ಆಫ್ ಮಾಡಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬಂದು, "ಹತ್ಲಾ ಮಗ" ಎಂದರು. ಚಿಕ್ಕಮಾದು ಕಂಬ ಹತ್ತಿದ. ಅದೇ ಹೊತ್ತಿಗೆ ಪಕ್ಕದ ಬಯಲಿನ ಟೆಂಟ್ ಸಿನಿಮಾದವನು ಕರೆಂಟ್ ಇಲ್ಲವೆಂದು ತನ್ನ ಡೀಸೆಲ್ ಜನರೇಟರ್ ಹಾಕಿದ. ಟೆಂಟಿನ ಮೇನ್ ಸ್ವಿಚ್ ಆಫ್ ಮಾಡಲಿಲ್ಲ. ಆಫ್ ಆಗಿದ್ದ ಲೈನಿಗೆ ಅವನ ಕಡೆಯಿಂದ ಕರೆಂಟು ನುಗ್ಗಿತು. ಚಿಕ್ಕಮಾದು ಕಂಬದ ಮೇಲೆಯೇ ಹೋಗಿಬಿಟ್ಟ. ಅವನಿಗಾಗ ಇಪ್ಪತ್ತೆರಡು ವರ್ಷ.

ವಿಚಾರಣೆಯಾಯಿತು. ನಿಂಗಯ್ಯನವರ ತಪ್ಪಿಲ್ಲ ಎಂದು ಅವರ ಕೈಗೆ ಇಂಗ್ಲಿಷಿನಲ್ಲಿ ಒಂದು ಕಾಗದವೂ ಬಂತು. ಆದರೆ ಅಷ್ಟರಲ್ಲಿ ಮೂಗಮ್ಮನ ಕಿವಿಗೆ ಯಾರೋ ಬೇರೆ ಮಾತು ಹಾಕಿದ್ದರು: ನಿನ್ನ ತಮ್ಮ ಲೈನು ಆಫ್ ಮಾಡದೆಯೇ ನಿನ್ನ ಮಗನನ್ನು ಹತ್ತಿಸಿದ ಎಂದು.

"ಕಾಗ್ದ ತಕ್ಕೊಂಡೋಗಿ ತೋರ್ಸ್ದಿ ಸ್ವಾಮಿ. 'ನಿನ್ ಕಾಗ್ದವ ನೀನೇ ಬರುಸ್ಕಂಡಿರದು. ನಾಕ್ ಜನದ್ ಮುಂದ ನಿಮ್ ಸಾಯೇಬ್ರು ಓದ್ಲಿ, ಆಗ ನಂಬ್ತಿನಿ' ಅಂದ್‌ಬುಟ್ಳು. ಅದಿನೆಂಟ್ ವರ್ಸ ಆಯ್ತು. ಒಂದೇ ಬೀದಿ, ಒಂದೇ ನಲ್ಲಿ. ನಾ ನೀರ್ಗ ಬಂದ್ರ ಬಿಂದ್ಗ ಅಲ್ಲೇ ಬುಟ್ಟು ಎದ್ದೋಯ್ತಳ. ಆ ಕಾಗ್ದನೂ ಗೆದ್ಲು ತಿಂದ್ಕಂಡ್ತು."

ಅವರು ಹೆಗಲ ಮೇಲಿನ ಟವೆಲಿನಲ್ಲಿ ಸುಮ್ಮನೆ ಮುಖ ಒರೆಸಿಕೊಂಡರು.

"ಈಗ ಇದೊಂದ ಸಾಯೇಬ್ರು ಓದ್ತರಲ್ಲ, ನಾಕ್ ಜನದ್ ಮುಂದ. ಅದ್ರಲ್ಲಿ ಬರ್ಲಿ ಸ್ವಾಮಿ. ಲೈನ್ ಆಫ್ ಆಗಿತ್ತು, ಚಿಕ್ಕಮಾದು ಸತ್ತದ್ದು ಅವ್ನ ಮಾವನ್ ತಪ್ಪಿಂದ ಅಲ್ಲ, ಅಂತ. ಅಕ್ಕನ್ನ ನಾ ಕರ್ಕ ಬತ್ತಿನಿ."

ನನಗೆ ಕಣ್ಣಲ್ಲಿ ನೀರು ಬಂತು. "ಬರೀತೀನಿ ನಿಂಗಯ್ಯನೋರೆ, ನನ್ನಾಣೆಗೂ" ಎಂದೆ. ಬರೆದೆ ಕೂಡ. ಮನೆಗೆ ಹೋದವನೇ ಮೊದಲು ಬರೆದದ್ದು ಆ ಪ್ಯಾರಾವನ್ನು. ಐದೇ ಸಾಲು. ಪುಸ್ತಕವನ್ನು ಮುಟ್ಟದೆ, ನನಗೆ ಬರುವಷ್ಟು ಇಂಗ್ಲಿಷಿನಲ್ಲೇ ಬರೆದೆ. ಚೆನ್ನಾಗಿ ಬಂದಿತ್ತು. ನಾಲ್ಕು ಸಲ ಓದಿಕೊಂಡೆ, ಬಾಯಿಪಾಠವೇ ಆಯಿತು.

ಆಮೇಲೆ ಪುಸ್ತಕ ತೆಗೆದೆ. ಕೆಟ್ಟದ್ದು ಅಲ್ಲಿ.

ಎನರ್ಜೆಟಿಕ್ ಎಂಬ ಪದದ ಕೆಳಗೆ ಅರ್ಧ ಪುಟ ಇತ್ತು. ವಿಗರಸ್, ಡೈನಾಮಿಕ್, ಫೋರ್ಸ್‌ಫುಲ್, ಪವರ್‌ಫುಲ್, ಸ್ಪಿರಿಟೆಡ್, ಟೈರ್‌ಲೆಸ್, ಇನ್‌ಡಿಫ್ಯಾಟಿಗಬಲ್. ಈ ಕೊನೆಯದನ್ನು ಎಡವದೆ ಹೇಳಲು ನನಗೆ ಎರಡು ದಿನ ಅಭ್ಯಾಸ ಬೇಕಾಯಿತು. ಯಾವುದನ್ನು ಬಿಡುವುದು? ವಿಗರಸ್ ಹಾಕಿ ಡೈನಾಮಿಕ್ ಬಿಟ್ಟರೆ, ನಿಂಗಯ್ಯನವರು ಡೈನಾಮಿಕ್ ಅಲ್ಲ ಎಂದು ಇಲಾಖೆಯೇ ಒಪ್ಪಿಕೊಂಡಂತೆ ಆಗುವುದಿಲ್ಲವೆ? ಮೂವತ್ತನಾಲ್ಕು ವರ್ಷ ಕಂಬ ಹತ್ತಿದವರಿಗೆ ಅಂಥ ಅನ್ಯಾಯ ಮಾಡಲು ನನಗೆ ಮನಸ್ಸು ಬರಲಿಲ್ಲ. ಒಂದೊಂದಾಗಿ ಸೇರಿಸುತ್ತಾ ಹೋಗಿ ಇಪ್ಪತ್ತೊಂದಕ್ಕೆ ನಿಲ್ಲಿಸಿದೆ. ಗಣಪತಿಗೂ ಇಪ್ಪತ್ತೊಂದೇ ಗರಿಕೆ ಏರಿಸುವುದು.

ಪಟ್ಟಿಯನ್ನು ಪಕ್ಕದ ಮನೆಯ ಶಿವಮಲ್ಲಪ್ಪನವರಿಗೆ ತೋರಿಸಿದೆ. ಅವರು ನಿವೃತ್ತ ಹೆಡ್‌ಮಾಸ್ಟರು. ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ನೀಲಕಂಠು, ಈ ಫ್ರಿಸ್ಕಿ ಅನ್ನೋದು ಹಗ್ಗ ಬಿಚ್ಚಿದ ಕರುಗೆ ಹೇಳೋ ಮಾತು ಕಣಯ್ಯ. ಐವತ್ತೆಂಟು ತುಂಬಿದೋರಿಗಲ್ಲ."

"ಅರ್ಥ ಒಂದೇ ಸಾರ್. ಎಲ್ಲಾನೂ ಒಂದೇ ಸಾಲಲ್ಲಿ ಕೊಟ್ಟಿದಾನೆ."

"ಒಂದೇ ಸಾಲಲ್ಲಿ ನಿಂತೋರೆಲ್ಲ ಒಂದೇ ಮನೆಯೋರಾ? ಸ್ಟ್ರೆನ್ಯುಯಸ್ ಅನ್ನೋದು ಕೆಲಸಕ್ಕೆ, ಮನುಷ್ಯನಿಗಲ್ಲ. ಪೋಟೆಂಟ್ ಅನ್ನೋದು ಔಷಧಿಗೆ, ಸಾರಾಯಿಗೆ. ಹೈಪರ್‌ಆ್ಯಕ್ಟಿವ್... ಅಯ್ಯೋ ಶಿವನೇ, ಇದು ಕಾಯಿಲೆ ಕಣಯ್ಯ! ಎನರ್ಜೆಟಿಕ್ ಒಂದೇ ಇಟ್ಕೊ, ಸಾಕು. ಆಮೇಲೆ ಆ ಮನುಷ್ಯ ಏನ್ ಮಾಡ್ದ ಅನ್ನೋದನ್ನ ಬರಿ."

ಮೇಷ್ಟರಿಗೆ ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿದೆ. ಅವರ ಮನೆಯ ಗೋಡೆಯ ಮೇಲಿದ್ದ ಬಿನ್ನವತ್ತಳೆಯಲ್ಲಿ 'ಸಹೃದಯಿ' ಎಂಬ ಒಂದೇ ಒಂದು ವಿಶೇಷಣ ಇದ್ದದ್ದನ್ನು ನಾನು ನೋಡಿದ್ದೆ. ಶಶಿರೇಖಾ ಕೂಡ ಅಡುಗೆಮನೆಯಿಂದ ಒಂದು ಮಾತು ಸೇರಿಸಿದಳು.

"ರೀ, ಮದ್ವೆಗೆ ಮುಂಚೆ ನಂಗೊಂದು ಕಾಗ್ದ ಬರೆದಿದ್ರಲ್ಲ, ಅದ್ರಲ್ಲಿ 'ಕ್ಷೇಮ' ಅಂತ ಒಂದೇ ಮಾತಿತ್ತು. ಆ ನಿಂಗಯ್ಯಂಗೆ ಇಪ್ಪತ್ತೊಂದಾ?"

ಅವಳಿಗೂ ಹೊಟ್ಟೆಕಿಚ್ಚು ಎಂದುಕೊಂಡೆ.

ಅಚ್ಚು ಹಾಕಿಸಲು ಚಾಮರಾಜನಗರಕ್ಕೆ ಹೋದೆ. ಅರಿಶಿನ ಮಂಡಿಗಳ ಹಿಂದಿನ ಓಣಿಯಲ್ಲಿ ಚಿಕ್ಕಮಲ್ಲಪ್ಪ ಎಂಬುವನ ಪ್ರೆಸ್ಸು. ಮದುವೆ ಕಾರ್ಡು, ಮಂಡಿಗಳ ಬಿಲ್ ಬುಕ್ಕು, ತಿಥಿಯ ಕಾರ್ಡು, ಇಷ್ಟೇ ಅವನ ವ್ಯಾಪಾರ. ಎಲ್ಲವನ್ನೂ ಅಚ್ಚಿನ ಮೊಳೆ ಜೋಡಿಸಿಯೇ ಹೊಡೆಯುತ್ತಿದ್ದ. ನನ್ನ ಕರಡನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ನೋಡಿದ. ಓದುತ್ತಿದ್ದಾನೆ, ಮೆಚ್ಚುತ್ತಿದ್ದಾನೆ ಎಂದುಕೊಂಡೆ. ಅವನು ಎಣಿಸುತ್ತಿದ್ದ.

"ಆಗಲ್ಲ ಸ್ವಾಮಿ."

"ಯಾಕೆ?"

"ನಮ್ ಪ್ರೆಸ್ಸಲ್ಲಿ ಇಂಗ್ಲಿಷ್ ಮೊಳೆ ಇರೋದೇ ಮದ್ವೆ ಕಾರ್ಡಲ್ಲಿ 'ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್' ಅಂತ ಹೊಡೆಯೋಕೆ. ಇಂಗ್ಲಿಷಿನ 'ಇ' ಅಕ್ಷರ ನನ್ ಹತ್ರ ಎಂಬತ್ತು ಅವೆ. ನಿಮ್ದ್ರಲ್ಲಿ ನೂರಾನಾಕು."

"ಪಕ್ಕದ ಬೀದಿ ಪ್ರೆಸ್ಸಿಂದ ಇಸ್ಕೊಂಡ್ ಬನ್ನಿ."

"ಅವನು ನಮ್ ದೊಡ್ಡಪ್ಪನ ಮಗ. ಅವನ್ಗೂ ನನ್ಗೂ ಆರು ವರ್ಷದಿಂದ ಮಾತಿಲ್ಲ."

"ಹಂಗಾದ್ರೆ ಎರಡು ಸಲ ಹೊಡೀರಿ. ಮೇಲಿಂದು ಒಂದ್ ಸಲ, ಕೆಳಗಿಂದು ಒಂದ್ ಸಲ."

"ಒಂದೇ ಒಂದ್ ಪ್ರತಿಗೆ ಎರಡು ಸಲ ಮೊಳೆ ಕಟ್ಟೋಕೆ ನನ್ಗೇನ್ ಹುಚ್ಚಾ ಸ್ವಾಮಿ? ನಾಡಿದ್ದು ಮುಹೂರ್ತದ ಕಾರ್ಡು ಬಾಕಿ ಬಿದ್ದವೆ. ನೋಡಿ, ಈ ಪದಗಳ ಸಾಲಲ್ಲೇ ಇಪ್ಪತ್ತೈದು 'ಇ' ಅವೆ. ಅದನ್ನ ತೆಗೀರಿ. ಇಲ್ಲ, ಈ ಕೆಳಗಿನ ಪ್ಯಾರಾ ತೆಗೀರಿ, ಅದ್ರಲ್ಲೂ ಅಷ್ಟೇ ಅವೆ. ಎರಡರಲ್ಲಿ ಒಂದು."

ಕೆಳಗಿನ ಪ್ಯಾರಾ ಎಂದರೆ ಚಿಕ್ಕಮಾದುವಿನ ಪ್ಯಾರಾ.

ನಾನು ಯೋಚನೆಯನ್ನೇ ಮಾಡಲಿಲ್ಲ ಎಂದು ನೀವು ತಿಳಿಯಬಾರದು. ಓಣಿಯ ತುದಿಯ ಹೋಟೆಲಿಗೆ ಹೋಗಿ ಒಂದು ಕಾಫಿ ಕುಡಿದು ಯೋಚಿಸಿದೆ. ಮೂಗಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅಚ್ಚಾದರೂ ಆಕೆಗೆ ಬಿಡಿಸಿ ಹೇಳುವವನು ನಾನೇ. ಸಾಹೇಬರು ಓದಿ ಮುಗಿಸಿದ ಮೇಲೆ ಕನ್ನಡದಲ್ಲಿ ಅರ್ಥ ಹೇಳುವ ಕೆಲಸವೂ ನನ್ನದೇ ಎಂದು ಗೊತ್ತಾಗಿತ್ತು. ಆಗ ಸಾಹೇಬರ ಮುಂದೆಯೇ ಬಾಯಲ್ಲಿ ಹೇಳಿಬಿಟ್ಟರಾಯಿತು. ಇನ್‌ಡಿಫ್ಯಾಟಿಗಬಲ್ ಎಂಬುದನ್ನು ಬಾಯಲ್ಲಿ ಹೇಳಿದರೆ ಯಾರು ಮೆಚ್ಚುತ್ತಾರೆ? ಅದು ಅಚ್ಚಿನಲ್ಲೇ ಇರಬೇಕು. ಕಾಫಿ ಮುಗಿಯುವ ಹೊತ್ತಿಗೆ ಎಲ್ಲವೂ ನ್ಯಾಯವಾಗಿಯೇ ಕಂಡಿತು.

"ಪ್ಯಾರಾ ತೆಗೀರಿ" ಎಂದೆ. ಚಿಕ್ಕಮಲ್ಲಪ್ಪ ಕೆಂಪು ಸೀಸದಲ್ಲಿ ಐದು ಸಾಲಿನ ಮೇಲೂ ಒಂದೇ ಗೀಟು ಎಳೆದ.

ಜೂನ್ ಮೂವತ್ತರಂದು ಆಫೀಸಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಭೀಮನಬೀಡಿನಿಂದ ಒಂದು ಟೆಂಪೋ ಜನ ಬಂದಿದ್ದರು. ನಿಂಗಯ್ಯನವರು ಹಿಂದಿನ ದಿನ ಎಲೆ ಅಡಿಕೆ ಹಿಡಿದು ಅಕ್ಕನ ಮನೆಯ ಬಾಗಿಲಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತಿದ್ದರಂತೆ. ಎಪ್ಪತ್ತು ದಾಟಿದ ಮುದುಕಿ ಕೊನೆಗೆ, "ಓದದ ಕೇಳ್ಬುಟ್ಟು ಬಂದ್‌ಬುಡ್ತಿನಿ, ನಿಮ್ ಊಟ ಬ್ಯಾಡ" ಎಂದಳಂತೆ. ಟೆಂಪೋ ಹತ್ತದೆ ಬೇರೆ ಬಸ್ಸಿನಲ್ಲಿ ಬಂದಳು. ಕುರ್ಚಿ ಕೊಟ್ಟರೂ ಕೂರದೆ ಮುಂದುಗಡೆ ಜಮಖಾನದ ಮೇಲೆ ಕಾಲು ಮಡಿಸಿ ಕೂತಳು.

"ಅಕ್ಕ ಬಂದವ್ಳ ಸ್ವಾಮಿ" ಎಂದು ನಿಂಗಯ್ಯನವರು ನನ್ನ ಕಿವಿಯಲ್ಲಿ ಹೇಳಿದರು. ಅವರ ಕೊರಳಲ್ಲಿ ಸುಗಂಧರಾಜದ ಹಾರ ಇತ್ತು.

ಸಾಹೇಬರು ಕಟ್ಟು ಹಾಕಿದ ಬಿನ್ನವತ್ತಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೈಕಿನ ಮುಂದೆ ನಿಂತರು. ಹಿಂದಿನ ದಿನವೇ ಒಂದು ಸಲ ಓದಿಕೊಳ್ಳಿ ಸಾರ್ ಎಂದು ಕೊಟ್ಟಿದ್ದೆ, ಅವರು ಸಹಿ ಹಾಕಿ ವಾಪಸ್ಸು ಕಳಿಸಿದ್ದರು. ಹೀಗಾಗಿ ಮುಂದೆ ಏನು ಕಾದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮೊದಲ ನಾಲ್ಕು ಪದ ಸಲೀಸಾಗಿ ಹೋಯಿತು. ಏಳನೆಯದಾದ ಇನ್‌ಡಿಫ್ಯಾಟಿಗಬಲ್ ಎಂಬಲ್ಲಿ ಬಸ್ಸು ಹೊಂಡಕ್ಕೆ ಇಳಿದಂತೆ ಇಳಿದು ಮೂರನೇ ಪ್ರಯತ್ನಕ್ಕೆ ಹತ್ತಿ ಬಂದರು. ಸಭೆ ಚಪ್ಪಾಳೆ ಹೊಡೆಯಿತು. ಹನ್ನೆರಡನೆಯದಕ್ಕೆ ಮೈಕು ನಿಂತಿತು. ಕರೆಂಟ್ ಹೋಗಿತ್ತು.

ಕರೆಂಟ್ ಆಫೀಸಿನ ಸಭೆಯಲ್ಲೇ ಕರೆಂಟ್ ಹೋದರೆ ಜನ ಸುಮ್ಮನಿರುತ್ತಾರೆಯೇ? ಒಬ್ಬ ಶಿಳ್ಳೆ ಹಾಕಿದ. ನಿಂಗಯ್ಯನವರು ಅಭ್ಯಾಸಬಲದಿಂದ ಹಾರ ಸಮೇತ ಎದ್ದು ಫ್ಯೂಸು ನೋಡಲು ಹೊರಟೇಬಿಟ್ಟರು. ಇಬ್ಬರು ಓಡಿಹೋಗಿ ಹಿಡಿದು ಕೂರಿಸಬೇಕಾಯಿತು. ಸಾಹೇಬರು ಬರಿಬಾಯಲ್ಲಿ ಮುಂದುವರಿಸಿದರು. 'ಫ್ರಿಸ್ಕಿ' ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ನನ್ನ ಕಡೆ ಒಮ್ಮೆ ನೋಡಿದರು. ಹೈಪರ್‌ಆ್ಯಕ್ಟಿವ್ ಬಂದಾಗ ನೋಡಲೂ ಇಲ್ಲ. ಇಪ್ಪತ್ತೊಂದೂ ಮುಗಿದಾಗ ಅವರ ಶರಟು ಬೆನ್ನಿಗಂಟಿತ್ತು.

ಮೂಗಮ್ಮ ಒಂದೊಂದು ಪದಕ್ಕೂ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು.

ಅರ್ಥ ಹೇಳುವ ಸರದಿ ನನ್ನದಾಯಿತು. ಎದ್ದವನು ಮೊದಲ ಮಾತಿಗೇ ಚಿಕ್ಕಮಾದುವಿನ ಹೆಸರು ತೆಗೆಯಬೇಕಿತ್ತು. ಕ್ರಮವಾಗಿ ಹೋಗೋಣ, ಅದು ಕಡೆಗೆ ಬಂದರೆ ಜನರ ಮನಸ್ಸಿಗೆ ನಾಟುತ್ತದೆ ಎಂದುಕೊಂಡೆ. ಹಾಳು ಬುದ್ಧಿ!

"ವಿಗರಸ್ ಎಂದರೆ ಹುರುಪುಳ್ಳವರು. ಡೈನಾಮಿಕ್ ಎಂದರೆ ಚೈತನ್ಯಶಾಲಿಗಳು. ಫೋರ್ಸ್‌ಫುಲ್ ಎಂದರೆ ಬಲವುಳ್ಳವರು. ಪವರ್‌ಫುಲ್ ಎಂದರೆ ಶಕ್ತಿಯುಳ್ಳವರು. ಸ್ಪಿರಿಟೆಡ್ ಎಂದರೆ ಉತ್ಸಾಹಿಗಳು..."

ಎಂಟನೆಯದರ ತನಕ ಹೇಗೋ ಬಂತು. ಒಂಬತ್ತನೆಯದಕ್ಕೆ ನನ್ನ ಕನ್ನಡ ಮುಗಿಯಿತು. "ಇದೂ ಅದೇ" ಎಂದೆ. ಹತ್ತನೆಯದನ್ನು ಓದಿ, "ಇದೂ ಅದೇ" ಎಂದೆ. ಹನ್ನೊಂದನೆಯದನ್ನು ಓದುತ್ತಿದ್ದಂತೆ ಟೆಂಪೋದಲ್ಲಿ ಬಂದವರೆಲ್ಲ ಒಟ್ಟಿಗೆ, "ಇದೂ ಅದೇ!" ಎಂದರು. ಆಮೇಲೆ ಪ್ರತಿಯೊಂದಕ್ಕೂ ಅವರೇ ಹೇಳಿದರು. ಭಜನೆ ಮನೆಯಲ್ಲೂ ಅಷ್ಟು ಒಗ್ಗಟ್ಟು ನಾನು ಕಂಡಿರಲಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. "ಸಾಕು ಕೂತ್ಕೊಳ್ರಿ ನೀಲಕಂಠಸ್ವಾಮಿ. ನಾನು ನಾಲ್ಕು ಗಂಟೆಗೆ ಚಾಮರಾಜನಗರದಲ್ಲಿ ಮೀಟಿಂಗಿಗೆ ಇರ್ಬೇಕು."

"ಸಾರ್, ಇನ್ನೊಂದೇ ಒಂದು ವಿಷಯ ಇದೆ..."

"ಅದೂ ಅದೇ ಅಲ್ವೇನ್ರಿ?"

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಆ ನಗುವಿನಲ್ಲೇ ಹೆಡ್ ಕ್ಲರ್ಕು ಎದ್ದು ವಂದನಾರ್ಪಣೆ ಶುರು ಮಾಡಿಬಿಟ್ಟರು. ನಾನು ಕೂತೆ. ಕೂರಬಾರದಿತ್ತು. ಅಲ್ಲೇ ನಿಂತು ಕೂಗಿ ಹೇಳಿದ್ದರೆ ಸಾಹೇಬರು ಬೈಯುತ್ತಿದ್ದರು, ಹೆಚ್ಚೆಂದರೆ ಒಂದು ಮೆಮೊ ಕೊಡುತ್ತಿದ್ದರು. ಅಷ್ಟೂ ಧೈರ್ಯ ನನಗೆ ಬರಲಿಲ್ಲ.

ಸಾಹೇಬರ ಜೀಪು ಹೊರಟಿತು. ಮೈಸೂರು ಪಾಕು, ಖಾರಾಬೂಂದಿ ಹಂಚುತ್ತಿದ್ದರು. ಮೂಗಮ್ಮ ಜಮಖಾನದ ಮೇಲೆ ಹಾಗೆಯೇ ಕೂತಿದ್ದಳು.

"ಮುಗೀತಾ?" ಎಂದು ಪಕ್ಕದವಳನ್ನು ಕೇಳಿದಳು.

"ಮುಗೀತು ಕಣವ್ವ, ಏಳು."

"ನನ್ ಮಗಿನ್ ಎಸ್ರು ಬರ್ನೇ ಇಲ್ವಲ್ಲ?"

ನಿಂಗಯ್ಯನವರು ಬಂದು ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಬಂದದ ಕಣಕ್ಕ. ಇಂಗ್ಲಿಸ್ನಲ್ಲಿ ಬಂದದ. ಸಾಯೇಬ್ರು ಬಿರ್‌ಬಿರ್ನ ಓದ್‌ಬುಟ್ರು, ಅದ್ಕ ಗೊತ್ತಾಗ್ನಿಲ್ಲ. ಅಲ್ವಾ ಸ್ವಾಮಿ?" ಎಂದು ನನ್ನ ಕಡೆ ತಿರುಗಿದರು.

ನಾನು ಖಾರಾಬೂಂದಿಯ ತಟ್ಟೆ ಎತ್ತಿಕೊಂಡು, ಹಿಂದಿನ ಸಾಲಿನವರಿಗೆ ಬಂದಿಲ್ಲ ಎಂದು ಹೇಳಿ ಆ ಕಡೆ ಹೋದೆ. ಹಿಂದಿನ ಸಾಲಿನವರೆಲ್ಲರ ಕೈಯಲ್ಲೂ ತಟ್ಟೆ ಇತ್ತು. ಮೂಗಮ್ಮ ಏನನ್ನೂ ಮುಟ್ಟದೆ ಎದ್ದು, ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಐದು ದಿನ ನನಗೆ ಊಟ ಸೇರಲಿಲ್ಲ. ಶಶಿರೇಖಾ ಮೊದಲು ಪಿತ್ತ ಎಂದು ಕಷಾಯ ಕೊಟ್ಟಳು, ಆಮೇಲೆ ಕೂರಿಸಿಕೊಂಡು ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಭಾನುವಾರ ಊರಿಗೇ ಹೋಗಿ ಅವರಿಬ್ಬರ ಮುಂದೆ ನಿಜ ಹೇಳ್ಬಿಡಿ. 'ತಪ್ಪಾಯ್ತು' ಅಂತ ಒಂದೇ ಮಾತು. ಅದಕ್ಕೆ ಇನ್ನೇನೂ ಸೇರಿಸ್ಬೇಡಿ" ಎಂದಳು.

ಭಾನುವಾರ ಭೀಮನಬೀಡಿನಲ್ಲಿ ಬಸ್ಸಿಳಿದು, ದಾರಿಯುದ್ದಕ್ಕೂ ಆ ಒಂದೇ ಮಾತನ್ನು ಹೇಳಿಕೊಳ್ಳುತ್ತಾ ನಡೆದೆ. ನಿಂಗಯ್ಯನವರ ಮನೆಯ ಜಗುಲಿಯ ತುದಿಯಲ್ಲಿ ಮೂಗಮ್ಮ ಕೂತಿದ್ದಳು. ನಿಂಗಯ್ಯನವರು ಬಾಗಿಲಲ್ಲಿ ನಿಂತಿದ್ದರು, ಅವರ ಹೆಂಡತಿ ಒಳಗಿನಿಂದ ಇಣುಕುತ್ತಿದ್ದರು. ನನ್ನನ್ನು ಕಂಡದ್ದೇ ನಿಂಗಯ್ಯನವರು ಬೀದಿಗೇ ಇಳಿದು ಬಂದರು.

"ದೇವ್ರ ಬಂದಂಗ ಬಂದ್ರಿ ಸ್ವಾಮಿ! ಅಕ್ಕ ಬೆಳಗ್ನಿಂದ ಇಲ್ಲೇ ಕೂತವ್ಳ. ಅದಿನೆಂಟ್ ವರ್ಸಕ್ಕ ಜಗ್ಲಿಗಂಟ ಬಂದವ್ಳ. ಒಳಕ್ಕ ಬಾ ಅಂದ್ರ, ಮದ್ಲು ಮಗಿನ್ ಎಸ್ರು ತೋರ್ಸು ಅಂತಳ. ನನ್ಗೆಲ್ಲಿ ಗೊತ್ತು, ಯಾವ ಗೀಟ್ನಲ್ಲದ ಅಂತ? ಒಸಿ ತೋರ್ಸ್ಕೊಡಿ."

ಒಳಗೆ ಹೋಗಿ ಗೋಡೆಯಿಂದ ಬಿನ್ನವತ್ತಳೆಯನ್ನು ಇಳಿಸಿ ತಂದು ಜಗುಲಿಯ ಮೇಲಿಟ್ಟರು. ಗಾಜನ್ನು ಟವೆಲಿನಲ್ಲಿ ಒರೆಸಿದರು. ಬಾಗಿಲಿಗೂ ಅವಳು ಕೂತ ಜಾಗಕ್ಕೂ ನಡುವೆ ಇದ್ದದ್ದು ಮೂರು ಮಾರು.

ತಪ್ಪಾಯ್ತು ಎಂಬ ಮಾತು ನನ್ನ ಬಾಯಲ್ಲೇ ಇತ್ತು. ಅದನ್ನು ಆಡಿದ್ದರೆ ಮೂಗಮ್ಮ ಎದ್ದು ಹೋಗುತ್ತಿದ್ದಳು. ಇನ್ನು ಸಾಯುವ ತನಕ ಆ ಜಗುಲಿ ಹತ್ತುತ್ತಿರಲಿಲ್ಲ. ನನ್ನ ಬೆರಳು ತಾನಾಗಿಯೇ ಗಾಜಿನ ಮೇಲೆ ಹೋಗಿ, ನಡುವಿನ ಒಂದು ಸಾಲಿನಲ್ಲಿ ನಿಂತಿತು.

"ಇಲ್ಲಿದೆ" ಎಂದೆ.

"ಓದು ಸ್ವಾಮಿ" ಎಂದಳು ಮೂಗಮ್ಮ.

ಓದಿದೆ. ಚಿಕ್ಕಮಲ್ಲಪ್ಪ ಗೀಟು ಎಳೆದಿದ್ದ ಐದೂ ಸಾಲನ್ನು, ಬೆರಳು ಸರಿಸುತ್ತಾ, ಇಲ್ಲದ ಅಕ್ಷರಗಳನ್ನು ಇದ್ದಂತೆಯೇ ಓದಿದೆ. ಆಮೇಲೆ ಕನ್ನಡದಲ್ಲಿ ಹೇಳಿದೆ: ಅವತ್ತು ನಿಂಗಯ್ಯ ಲೈನು ಆಫ್ ಮಾಡಿದ್ದರು. ಫ್ಯೂಸು ಅವರ ಜೇಬಿನಲ್ಲೇ ಇತ್ತು. ಕರೆಂಟು ಬಂದದ್ದು ಟೆಂಟಿನವನ ಜನರೇಟರಿನಿಂದ. ಚಿಕ್ಕಮಾದು ಒಳ್ಳೆಯ ಕೆಲಸಗಾರ. ಅವನು ಸತ್ತದ್ದರಲ್ಲಿ ಅವನ ಮಾವನ ತಪ್ಪು ಏನೇನೂ ಇರಲಿಲ್ಲ.

ಅಷ್ಟೂ ನಿಜ. ಅದು ಅಲ್ಲಿದೆ ಎಂಬುದೊಂದೇ ಸುಳ್ಳು.

ಮೂಗಮ್ಮ ಹತ್ತಿರ ಸರಿದು, ನನ್ನ ಬೆರಳಿದ್ದ ಕಡೆ ತನ್ನ ಬೆರಳಿಟ್ಟು ಗಾಜನ್ನು ಸವರಿದಳು. ಸೆರಗಿನಿಂದ ಒರೆಸಿ ಮತ್ತೆ ಸವರಿದಳು. "ಲಾ ನಿಂಗ, ಫ್ಯೂಸ್ನ ಜೇಬ್ಗ ಆಕಂಡಿದ್ಯಾ ಮಗ?" ಎಂದಳು. ನಿಂಗಯ್ಯನವರು ಹೌದೆಂದು ತಲೆಯಾಡಿಸಿದರು. ಅಕ್ಕನ ಕಾಲ ಹತ್ತಿರ ಕೂತು ಚಿಕ್ಕವರಂತೆ ಅತ್ತರು. ನಿಂಗಯ್ಯನವರ ಹೆಂಡತಿ ಒಂದು ಚೆಂಬು ನೀರು ತಂದಿಟ್ಟರು. ಮುದುಕಿ ಅದನ್ನೆತ್ತಿ ಕುಡಿದಳು.

ನಾನು ಹೊರಡಲು ಎದ್ದೆ. ಮೂಗಮ್ಮನ ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು. ಮೇಲಿನಿಂದ ಕೆಳಗಿನ ತನಕ ತುಂಬಿದ್ದ ಅಕ್ಷರಗಳನ್ನೆಲ್ಲ ಒಮ್ಮೆ ನೋಡಿ, ನನ್ನ ಮುಖ ನೋಡಿದಳು.

"ಸ್ವಾಮಿ, ಇಷ್ಟೊಂದ್ ಅಕ್ಸರ ಅವ. ನನ್ ಮಗಿಂದು ಇಷ್ಟೇ ಜಾಗ್ವಾ?" ಎಂದಳು. ಆಮೇಲೆ ಅವಳೇ, "ಆಗ್ಲಿ ಬುಡಿ, ಇಷ್ಟಾದ್ರೂ ಅದೆಯಲ್ಲ" ಎಂದಳು.

"ಇದೆ ಕಣವ್ವ" ಎಂದೆ.